ಸೈಲೆನ್ಸರ್ ಕಣಕಣ ಅಂದರೆ ಮೊದಲು ಕಿವಿ ಕೊಡಿ

ರಜೆ ಸಿಕ್ಕಿದರೆ ಸಾಕು, ಬೈಕ್ ಹತ್ತಿ ದೂರದ ಊರಿಗೆ ಹೊರಡುವುದು ಈಗ ನಮ್ಮ ಹುಡುಗರಲ್ಲಿ ಸಾಮಾನ್ಯವಾಗಿದೆ. ಹಿಂದೆ ಚಾರ್ಮಾಡಿ, ಆಗುಂಬೆ ತನಕ ಹೋಗಿ ಚಹಾ ಕುಡಿದು ಬರುತ್ತಿದ್ದವರು ಈಗ ವಿಜಯಪುರದ ಗೋಳಗುಮ್ಮಟ ನೋಡಿ, ಶಹಾಪುರ ತಾಲೂಕಿನ ಗೋಗಿಯಲ್ಲಿ ಯೂಸುಫ್ ಆದಿಲ್ ಶಾಹನ ಸಮಾಧಿ ನೋಡಿ, ಕಲಬುರಗಿಯ ಬಂದೇ ನವಾಝ್ ದರ್ಗಾಕ್ಕೆ ಹೋಗಿ ಬರುತ್ತಾರೆ. ಲಡಾಖ್ ಮುಟ್ಟಿ ಬಂದವರೂ ನಮ್ಮ ಊರುಗಳಲ್ಲಿ ಇದ್ದಾರೆ. ಮಂಗಳೂರಿನಿಂದ ಯಾದಗಿರಿ ಕಡೆಗೆ ಒಂದು ಸಲ ಹೋಗುವುದೆಂದರೆ 500 ಕಿಲೋಮೀಟರ್‌ಗಿಂತ ಹೆಚ್ಚು ಓಟ. ಅಷ್ಟು ದೂರ ಓಡಿದ ಗಾಡಿಯಲ್ಲಿ ಸೈಲೆನ್ಸರ್ ಕಡೆಯಿಂದ ಕಣಕಣ, ಗಡಗಡ ಎಂಬ ಸದ್ದು ಶುರುವಾಗುವುದು ಹೊಸ ಸಂಗತಿಯೇನಲ್ಲ.

ಸದ್ದು ಶುರುವಾದ ಮೇಲೆ ನಮ್ಮವರು ಮಾಡುವುದು ಎರಡರಲ್ಲಿ ಒಂದು. ಕೆಲವರು "ಹಳೇ ಗಾಡಿ, ಸದ್ದು ಇದ್ದದ್ದೇ ಮಾರಾಯ್ರೆ" ಎಂದು ಹಾಗೆಯೇ ಓಡಿಸುತ್ತಾರೆ. ಇನ್ನು ಕೆಲವರು ಸಿಕ್ಕಿದ್ದೇ ನೆಪ ಎಂದು ಕಂಪೆನಿಯ ಸೈಲೆನ್ಸರ್ ಕಿತ್ತು ಒಳಗೆ ಏನೂ ಇಲ್ಲದ ಒಂದು ಕೊಳವೆ ಹಾಕಿಸಿಕೊಂಡು ಬರುತ್ತಾರೆ. ಎರಡೂ ಸರಿಯಲ್ಲ. ಆ ಸದ್ದು ಗಾಡಿ ನಮಗೆ ಕೊಡುವ ಮೊದಲ ಸುದ್ದಿ. ಎಲ್ಲಿಂದ ಬರುತ್ತಿದೆ ಎಂದು ತಿಳಿದುಕೊಂಡರೆ ಹೆಚ್ಚಿನ ಸಲ ಒಂದು ಸ್ಪ್ಯಾನರ್, ಒಂದು ಕ್ಲಿಪ್‌ನಲ್ಲಿ ಕೆಲಸ ಮುಗಿಯುತ್ತದೆ. ತಿಳಿಯದೆ ಬಿಟ್ಟರೆ ಎಂಜಿನ್‌ನ ಹೆಡ್ ತನಕ ಖರ್ಚು ಬರುತ್ತದೆ.

ಸದ್ದು ಯಾಕೆ ಬರುತ್ತದೆ?

ಎಂಜಿನ್‌ನಿಂದ ಹೊರಬರುವ ಹೊಗೆ ಒಂದೇ ಸಮನೆ ಹರಿಯುವುದಿಲ್ಲ. ಪ್ರತಿ ಸಲ ಪೆಟ್ರೋಲ್ ಉರಿದಾಗಲೂ ಒಂದು ಹೊಡೆತದ ಹಾಗೆ ಬರುತ್ತದೆ. ಆ ಹೊಡೆತವನ್ನು ಮೆತ್ತಗೆ ಮಾಡುವುದು ಸೈಲೆನ್ಸರ್‌ನ ಕೆಲಸ. ಅದಕ್ಕಾಗಿ ಒಳಗೆ ತೂತುಗಳಿರುವ ಕೊಳವೆ, ಅಡ್ಡ ತಗಡುಗಳು ಇರುತ್ತವೆ. ಇದಕ್ಕೆ ಬ್ಯಾಫಲ್ ಎನ್ನುತ್ತಾರೆ. ಈಗಿನ ಗಾಡಿಗಳಲ್ಲಿ ಹೊಗೆಯ ವಿಷ ಕಡಿಮೆ ಮಾಡಲು ಜೇನುಗೂಡಿನಂತಹ ಕ್ಯಾಟಲಿಟಿಕ್ ಕನ್ವರ್ಟರ್ ಕೂಡಾ ಇದೆ. ಹೊರಗೆ ಕಾಲು ಸುಡದಿರಲಿ ಎಂದು ಒಂದು ತಗಡಿನ ಕವಚ, ಅಂದರೆ ಹೀಟ್ ಶೀಲ್ಡ್. ಇಷ್ಟನ್ನೂ ಎಂಜಿನ್‌ಗೆ ಎರಡು ನಟ್, ಚಾಸಿಗೆ ಒಂದೆರಡು ಬೋಲ್ಟ್ ಹಿಡಿದುಕೊಂಡಿರುತ್ತವೆ.

ಇದರ ಮೇಲೆ ಬಿಸಿಯ ಆಟ ಬೇರೆ. ಒಂದು ಮೀಟರ್ ಉದ್ದದ ಉಕ್ಕಿನ ಕೊಳವೆ 300 ಡಿಗ್ರಿಯಷ್ಟು ಬಿಸಿ ಏರಿದರೆ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗುತ್ತದೆ. ಗಾಡಿ ನಿಲ್ಲಿಸಿದ ಮೇಲೆ ಮತ್ತೆ ಕುಗ್ಗುತ್ತದೆ. ಇಂಜಿನ್ ಆಫ್ ಮಾಡಿದ ನಂತರ ಟಿಕ್ ಟಿಕ್ ಎಂದು ಕೇಳುವುದು ಇದೇ ಕುಗ್ಗುವ ಸದ್ದು, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ದಿನಾ ಹಿಗ್ಗಿ ಕುಗ್ಗಿ, ಜೊತೆಗೆ ರಸ್ತೆಯ ಕುಲುಕಾಟವೂ ಸೇರಿ, ಸ್ಕ್ರೂಗಳು ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತವೆ. ಗಾಡಿ ತಣ್ಣಗಿರುವಾಗ ಕೇಳುವ ಸದ್ದು ಬಿಸಿಯಾದ ಮೇಲೆ ನಿಲ್ಲುವುದಕ್ಕೂ, ಕೆಲವೊಮ್ಮೆ ಬಿಸಿಯಾದ ಮೇಲೆಯೇ ಶುರುವಾಗುವುದಕ್ಕೂ ಕಾರಣ ಇದೇ.

ನಮ್ಮ ಕರಾವಳಿಯ ಗಾಡಿಗಳಿಗೆ ಇನ್ನೊಂದು ಶತ್ರು ತುಕ್ಕು. ಉಳ್ಳಾಲ, ಮಲ್ಪೆ ಕಡೆಯ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ ಹೊರಗಿನಿಂದ ತಿನ್ನುತ್ತವೆ. ಒಳಗಿನಿಂದಲೂ ತಿನ್ನುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ದೂರ ಓಡಿದರೆ ಸೈಲೆನ್ಸರ್ ಕಾದು ಆ ಆವಿ ಹೊರಗೆ ಹೋಗುತ್ತದೆ. ಮನೆಯಿಂದ ಪಳ್ಳಿಗೆ, ಪಳ್ಳಿಯಿಂದ ಅಂಗಡಿಗೆ ಅಂತ ಒಂದೆರಡು ಕಿಲೋಮೀಟರ್ ಮಾತ್ರ ಓಡಿಸಿದರೆ ಅದು ಒಳಗೇ ನೀರಾಗಿ ನಿಂತು ಬ್ಯಾಫಲನ್ನು ತಿನ್ನುತ್ತದೆ. ಕೆಲವು ಸೈಲೆನ್ಸರ್‌ಗಳ ಅಡಿಯಲ್ಲಿ ಸಣ್ಣ ತೂತು ಇರುತ್ತದೆ. ಅದು ನೀರು ಇಳಿಯಲು ಕಂಪೆನಿಯೇ ಇಟ್ಟದ್ದು. "ತೂತು ಬಿದ್ದಿದೆ" ಎಂದು ಅದನ್ನು ವೆಲ್ಡಿಂಗ್ ಮಾಡಿಸಿ ಮುಚ್ಚಿಸಬೇಡಿ.

ಇದು ಹೊಸ ಕಾಲದ ರೋಗವೂ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳು ನಮ್ಮ ಹಿರಿಯರ ಕಾಲದಲ್ಲಿ ಅಡಿಕೆ, ಮೀನು ವ್ಯಾಪಾರಕ್ಕೆಲ್ಲ ಓಡಿದವು. ಅವು ಪೆಟ್ರೋಲ್ ಜೊತೆ ಆಯಿಲ್ ಉರಿಸುವ ಗಾಡಿಗಳು. ಸೈಲೆನ್ಸರ್‌ನ ಬಾಲದಿಂದ ಬ್ಯಾಫಲನ್ನು ಹೊರಗೆ ಎಳೆದು, ಅಂಟಿದ ಮಸಿಯನ್ನು ಸುಟ್ಟು, ಉಜ್ಜಿ, ಮತ್ತೆ ಒಳಗೆ ಸೇರಿಸಿ ಬೋಲ್ಟ್ ಬಿಗಿ ಮಾಡಬೇಕಿತ್ತು. ಆ ಬೋಲ್ಟ್ ಸಡಿಲವಾದರೆ ಒಳಗಿನ ಕೊಳವೆ ಗಡಗಡ ಅನ್ನುತ್ತಿತ್ತು. ಹಿರಿಯರಿಗೆ ಈ ಕೆಲಸ ಗೊತ್ತಿತ್ತು. ಈಗಿನ ಗಾಡಿಗಳಲ್ಲಿ ಒಳಗಿನದು ಬಿಚ್ಚಲು ಬರುವುದಿಲ್ಲ. ಹಾಗಾಗಿ ಹೊರಗಿನದನ್ನಾದರೂ ನೋಡಿಕೊಳ್ಳುವ ಅಭ್ಯಾಸ ನಮಗೆ ಬೇಕು.

ಒಂದು ಕೋಲಿನ ಪರೀಕ್ಷೆ

ಕಳೆದ ಚಳಿಗಾಲದಲ್ಲಿ ನಾವು ಮೂವರು ಎರಡು ಬೈಕಿನಲ್ಲಿ ಯಾದಗಿರಿ ತಾಲೂಕಿನ ರಾಮಸಮುದ್ರಕ್ಕೆ ಹೋಗಿದ್ದೆವು. ನಮ್ಮ ಕಡೆ ಮನೆ, ಕಟ್ಟಡ ಕಟ್ಟುವವರಲ್ಲಿ ಯಾದಗಿರಿ, ರಾಯಚೂರು ಕಡೆಯವರು ಎಷ್ಟು ಜನ ಇದ್ದಾರೆ ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಹಾಗೆ ಹಲವು ವರ್ಷ ನಮ್ಮ ಊರಲ್ಲಿ ಗಾರೆ ಕೆಲಸ ಮಾಡಿದ ಒಬ್ಬರ ಮಗಳ ಮದುವೆ ಅದು. ಬರಲೇಬೇಕು ಎಂದು ಕರೆದಿದ್ದರು. ಸುರಪುರ ದಾಟುವಾಗ ನಮ್ಮ ಜೊತೆಗಾರನ ಹಿಮಾಲಯನ್ ಬೈಕಿನಿಂದ ಸದ್ದು ಶುರುವಾಯಿತು. ಮೊದಲು ಸಣ್ಣಗೆ, ಶಹಾಪುರದ ಹತ್ತಿರ ಬರುವಾಗ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ದಾರಿಯಲ್ಲಿ ಒಂದು ಅಂಗಡಿಯವರು ಗಾಡಿಯನ್ನು ಮುಟ್ಟದೆಯೇ "ಒಳಗೆ ಹೋಗಿದೆ, ಸೈಲೆನ್ಸರ್ ಹೊಸದೇ ಹಾಕಬೇಕು" ಅಂದರು. ಜೊತೆಗಾರ "ಹಾಗಾದರೆ ಊರಿಗೆ ಹೋದ ಮೇಲೆ ತೆಗೆದು ಬಿಸಾಡಿ ಬೇರೆ ಪೈಪ್ ಹಾಕಿಸುತ್ತೇನೆ" ಎಂದು ಅಲ್ಲಿಯೇ ತೀರ್ಮಾನ ಮಾಡಿಬಿಟ್ಟ.

ರಾಮಸಮುದ್ರ ಮುಟ್ಟಿದಾಗ ಮಧುಮಗಳ ತಂದೆ ಮನೆ ಮುಂದೆ ನಿಂತು ಆ ಸದ್ದು ಕೇಳಿದರು. ಅವರಿಗೆ ಮೆಕ್ಯಾನಿಕ್ ಕೆಲಸ ಗೊತ್ತಿಲ್ಲ, ಆದರೆ ಕಾಂಕ್ರೀಟ್ ಮಿಕ್ಸರ್ ಜೊತೆ ವರ್ಷಗಟ್ಟಲೆ ಇದ್ದವರು. ಒಂದು ಒಣ ತೊಗರಿ ಕಟ್ಟಿಗೆ ತೆಗೆದುಕೊಂಡು, ಎಂಜಿನ್ ಓಡುತ್ತಿರುವಾಗಲೇ ಸೈಲೆನ್ಸರ್‌ನ ಒಂದೊಂದು ಕಡೆ ಅದರ ತುದಿಯಿಂದ ಒತ್ತುತ್ತಾ ಬಂದರು. ಹೀಟ್ ಶೀಲ್ಡ್‌ನ ಮೇಲೆ ಒತ್ತಿದಾಗ ಸದ್ದು ಅರ್ಧ ನಿಂತಿತು. "ಒಳಗ ಏನೂ ಕೆಟ್ಟಿಲ್ರೀ, ಹೊರಗಿನ ತಗಡು ಬಡ್ಯಾಕತ್ತದ" ಅಂದರು. ಉಳಿದರ್ಧ? ಕೋಲನ್ನು ಹಿಂದಿನ ಬ್ರಾಕೆಟ್ ಹತ್ತಿರ ಇಟ್ಟರು. ಅದೂ ನಿಂತಿತು. ಗಾಡಿ ತಣ್ಣಗಾದ ಮೇಲೆ ನೋಡಿದರೆ ಶೀಲ್ಡ್‌ನ ಒಂದು ಸ್ಕ್ರೂ ಬಿದ್ದುಹೋಗಿತ್ತು, ಸೈಲೆನ್ಸರ್ ಹಿಡಿದ ಬೋಲ್ಟ್ ಅರ್ಧ ಹೊರಗೆ ಬಂದಿತ್ತು.

ಬೋಲ್ಟ್ ಬಿಗಿ ಮಾಡಿದೆವು. ಶೀಲ್ಡ್‌ಗೆ ಎಣ್ಣೆ ಡಬ್ಬಿಯ ತಗಡಿನ ತುಂಡನ್ನು ಮಡಿಸಿ ಅಡಿಗೆ ಕೊಟ್ಟು, ಮೇಲಿನಿಂದ ಪಂಪ್‌ಸೆಟ್ ಪೈಪಿಗೆ ಹಾಕುವ ಉಕ್ಕಿನ ಕ್ಲಿಪ್ಪನ್ನು ಸುತ್ತಿ ಸ್ಕ್ರೂಡ್ರೈವರ್‌ನಿಂದ ಬಿಗಿದೆವು. ರೈತರ ಊರಿನಲ್ಲಿ ಆ ಕ್ಲಿಪ್‌ಗೇನು ಬರ. ಅಷ್ಟರಲ್ಲೇ ಗಾಡಿ ಮಂಗಳೂರು ತನಕ ಸದ್ದಿಲ್ಲದೆ ಬಂತು. ಸೈಲೆನ್ಸರ್ ಬದಲಿಸುವ ಮಾತೇ ಬರಲಿಲ್ಲ. ಒಂದು ವೇಳೆ "ತಗಡು ತಾನೇ" ಎಂದು ಕ್ಲಿಪ್ ಮಾತ್ರ ಹಾಕಿ ಹೊರಟಿದ್ದರೆ ಹಿಂದಿನ ಬೋಲ್ಟ್ ಪೂರ್ತಿ ಕಳಚಿ, ಇಡೀ ಸೈಲೆನ್ಸರ್‌ನ ಭಾರ ಎಂಜಿನ್ ಹೆಡ್‌ನ ಎರಡು ಸ್ಟಡ್‌ಗಳ ಮೇಲೆ ಬೀಳುತ್ತಿತ್ತು. ಅಲ್ಯೂಮಿನಿಯಂ ಹೆಡ್‌ನೊಳಗೆ ಸ್ಟಡ್ ತುಂಡಾದರೆ ತೆಗೆಯುವುದು ಎಷ್ಟು ಕಷ್ಟ ಎಂದು ಗ್ಯಾರೇಜ್‌ನವರನ್ನು ಕೇಳಿ ನೋಡಿ.

ಮನೆಯಲ್ಲಿಯೇ ಹೀಗೆ ನೋಡಿ

ಈ ಕೋಲಿನ ಪರೀಕ್ಷೆ ಯಾರೂ ಮಾಡಬಹುದು. ಗಾಡಿಯನ್ನು ಬಯಲಿನಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಒಬ್ಬರು ಆಕ್ಸಿಲರೇಟರ್ ಸ್ವಲ್ಪ ಸ್ವಲ್ಪ ಕೊಡಲಿ, ಇನ್ನೊಬ್ಬರು ಉದ್ದದ ಒಣ ಕೋಲಿನಿಂದ ಒತ್ತಿ ನೋಡಲಿ. ಚಕ್ರ, ಚೈನ್ ಹತ್ತಿರ ಕೋಲೂ ಬೇಡ, ಕೈಯೂ ಬೇಡ, ಲುಂಗಿ, ಶಾಲು ನೇತಾಡುವುದೂ ಬೇಡ. ಮುಚ್ಚಿದ ಶೆಡ್ಡಿನಲ್ಲಿ, ಮನೆಯ ಚಾವಡಿಯಲ್ಲಿ ಎಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ತಿರುಗಿ ಬೀಳುವ ತನಕ ಗೊತ್ತಾಗುವುದಿಲ್ಲ. ಬಸುರಿಯರು, ಮಕ್ಕಳು ಇರುವ ಮನೆಯಲ್ಲಿ ಇನ್ನೂ ಜಾಗ್ರತೆ ಬೇಕು.

ಸದ್ದಿನ ಬಗೆಯೇ ಅರ್ಧ ಉತ್ತರ ಕೊಡುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ತೆಳ್ಳಗೆ ಝಣಝಣ ಅಂದರೆ ಹೆಚ್ಚಾಗಿ ಹೀಟ್ ಶೀಲ್ಡ್. ಗುಂಡಿಗೆ ಬಿದ್ದಾಗ, ಹಂಪ್ ಹಾರುವಾಗ ಟಕ್ ಅಂದರೆ ಬ್ರಾಕೆಟ್ ಬೋಲ್ಟ್ ಅಥವಾ ಅದರ ರಬ್ಬರ್ ಬುಶ್. ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಹತ್ತಿರ ಪುಸ್ ಪುಸ್, ಬಿಟ್ಟಾಗ ಪಟಪಟ ಅಂದರೆ ಜಾಯಿಂಟ್‌ನಲ್ಲಿ ಲೀಕ್ ಇರಬಹುದು. ಅಲ್ಲಿ ಕಪ್ಪು ಮಸಿಯ ಗುರುತು ಕಾಣುತ್ತದೆ. ಗಾಡಿ ಪೂರ್ತಿ ತಣ್ಣಗಾದ ಮೇಲೆ ಸೈಲೆನ್ಸರನ್ನು ಅಂಗೈಯಿಂದ ಬಡಿದಾಗ ಒಳಗೆ ಏನೋ ಉರುಳಿದ ಹಾಗೆ ಕೇಳಿದರೆ ಮಾತ್ರ ಬ್ಯಾಫಲ್ ಅಥವಾ ಕನ್ವರ್ಟರ್ ಒಡೆದಿದೆ ಎಂದು ಸಂಶಯ ಪಡಬೇಕು.

ಇನ್ನೊಂದು ಮಾತು. ಸೈಲೆನ್ಸರ್ ಕಡೆಯಿಂದ ಬರುವ ಸದ್ದೆಲ್ಲ ಸೈಲೆನ್ಸರ್‌ನದ್ದಲ್ಲ. ನಂಬರ್ ಪ್ಲೇಟ್, ಸೀರೆ ಗಾರ್ಡ್, ಲೆಗ್ ಗಾರ್ಡ್, ಸೈಡ್ ಸ್ಟ್ಯಾಂಡ್‌ನ ಸ್ಪ್ರಿಂಗ್, ಸಡಿಲವಾದ ಚೈನ್, ಟೂರ್‌ಗೆಂದು ಹೊಸದಾಗಿ ಹಾಕಿಸಿದ ಬ್ಯಾಗ್ ಸ್ಟ್ಯಾಂಡ್, ಇವೆಲ್ಲ ಅದೇ ಸ್ವರದಲ್ಲಿ ಹಾಡುತ್ತವೆ. ಮೊದಲು ಇವನ್ನು ಕೈಯಿಂದ ಅಲ್ಲಾಡಿಸಿ ನೋಡಿ.

ಸರಿ ಮಾಡುವಾಗ

ಕೆಲಸ ಯಾವುದೇ ಇರಲಿ, ಗಾಡಿ ತಣ್ಣಗಾಗಲಿ. ಗಂಟೆಗಟ್ಟಲೆ ಓಡಿದ ಗಾಡಿಯ ಸೈಲೆನ್ಸರ್ ತಣ್ಣಗಾಗಲು ಅರ್ಧ ಗಂಟೆಗಿಂತ ಹೆಚ್ಚೇ ಬೇಕು. ಯಾದಗಿರಿಯಂತಹ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಇನ್ನೂ ತಡವಾಗುತ್ತದೆ.

ಹೀಟ್ ಶೀಲ್ಡ್‌ನ ಸ್ಕ್ರೂ ಸಡಿಲವಾಗಿದ್ದರೆ ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡಿ. ನೈಲಾನ್ ಇರುವ ಲಾಕ್ ನಟ್ ಇಲ್ಲಿ ಬೇಡ, ಬಿಸಿಗೆ ನೈಲಾನ್ ಕರಗಿ ಹಿಡಿತ ಹೋಗುತ್ತದೆ. ಪೂರ್ತಿ ಲೋಹದ ಲಾಕ್ ನಟ್ ಸಿಗುತ್ತದೆ, ಅದನ್ನೇ ಕೇಳಿ. ಸ್ಕ್ರೂ ಹಿಡಿಯುವ ಕಿವಿಯೇ ತುಂಡಾಗಿದ್ದರೆ ಸ್ಟೇನ್‌ಲೆಸ್ ಸ್ಟೀಲ್‌ನ ಹೋಸ್ ಕ್ಲಿಪ್ ಸುತ್ತಿ. ಬಟ್ಟೆ, ರಬ್ಬರ್, ಪ್ಲಾಸ್ಟಿಕ್ ಟೇಪ್ ಸುತ್ತುವುದು ಅಪಾಯ. ಆಯಿಲ್ ತಾಗಿದ ಬಟ್ಟೆಗೆ ಬೆಂಕಿ ಹಿಡಿಯಲು ಹೊತ್ತು ಬೇಡ.

ಜಾಯಿಂಟ್ ಲೀಕ್ ಆಗಿದ್ದರೆ ಗ್ಯಾಸ್ಕೆಟ್ ಹೊಸದು ಹಾಕಿ. ಒಮ್ಮೆ ಅದುಮಿ ಚಪ್ಪಟೆಯಾದ ಗ್ಯಾಸ್ಕೆಟ್ ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಮನೆಯಲ್ಲಿರುವ ಸಾಮಾನ್ಯ ಎಪಾಕ್ಸಿ ಅಂಟು ಆ ಬಿಸಿಗೆ ನಿಲ್ಲುವುದಿಲ್ಲ. ಸೈಲೆನ್ಸರ್‌ಗೆಂದೇ ಬರುವ ಪೇಸ್ಟ್ ಉಂಟು, ಅದನ್ನು ದಾರಿ ಮಧ್ಯದ ತಾತ್ಕಾಲಿಕ ಉಪಾಯಕ್ಕೆ ಇಟ್ಟುಕೊಳ್ಳಬಹುದು.

ಸೈಲೆನ್ಸರ್ ಬಿಚ್ಚಿ ಕೂರಿಸುವಾಗ ಕ್ರಮ ಮುಖ್ಯ. ಮೊದಲು ಎಲ್ಲಾ ನಟ್ ಬೋಲ್ಟ್‌ಗಳನ್ನು ಕೈಯಲ್ಲೇ ತಿರುಗಿಸಿ ಸಡಿಲವಾಗಿ ಕೂರಿಸಬೇಕು. ಕೊಳವೆ ತಾನಾಗಿ ತನ್ನ ಜಾಗದಲ್ಲಿ ಕುಳಿತ ಮೇಲೆ ಎಂಜಿನ್ ಕಡೆಯಿಂದ ಶುರು ಮಾಡಿ ಹಿಂದಕ್ಕೆ ಬಿಗಿ ಮಾಡುತ್ತಾ ಬರಬೇಕು. ಹೆಡ್‌ನ ಎರಡು ನಟ್‌ಗಳನ್ನು ಒಂದಕ್ಕೆ ಸ್ವಲ್ಪ, ಇನ್ನೊಂದಕ್ಕೆ ಸ್ವಲ್ಪ ಎಂದು ಸಮಸಮ ಬಿಗಿಯಬೇಕು. ಹಿಂದಿನ ಬೋಲ್ಟನ್ನು ಮೊದಲು ಬಿಗಿದು ಮುಂದಿನದನ್ನು ಎಳೆದು ಕೂರಿಸಿದರೆ ಕೊಳವೆ ಸೆಟೆದುಕೊಂಡಿರುತ್ತದೆ. ಅಂಥದ್ದು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಸದ್ದು ಮಾಡುತ್ತದೆ, ಇಲ್ಲವೇ ಬ್ರಾಕೆಟ್ ಸೀಳುತ್ತದೆ. ಬಲ ಇದೆಯೆಂದು ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ತಿರುಗಿಸಬೇಡಿ. ಎಷ್ಟು ಬಿಗಿ ಎಂಬುದು ಗಾಡಿಯ ಸರ್ವಿಸ್ ಮ್ಯಾನುವಲ್‌ನಲ್ಲಿ ಇರುತ್ತದೆ.

ಬ್ರಾಕೆಟ್ ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಬೇಕು. ಸೈಲೆನ್ಸರನ್ನು ಗಾಡಿಯಿಂದ ಬಿಚ್ಚಿ ಹೊರಗೆ ಇಟ್ಟೇ ಮಾಡಿಸಿ. ಈಗಿನ ಗಾಡಿಗಳಲ್ಲಿ ಕೊಳವೆಗೆ ಆಕ್ಸಿಜನ್ ಸೆನ್ಸರ್ ಸಿಕ್ಕಿಸಿರುತ್ತಾರೆ, ಒಳಗೆ ಕಂಪ್ಯೂಟರ್ ಇರುತ್ತದೆ. ಗಾಡಿಯಲ್ಲಿ ಇಟ್ಟುಕೊಂಡೇ ವೆಲ್ಡಿಂಗ್ ಮಾಡಿದರೆ ಅವು ಸುಟ್ಟುಹೋಗುವ ಸಂಭವ ಇದೆ.

ಒಳಗಿನದು ತೆಗೆದರೆ ಏನಾಗುತ್ತದೆ?

ಬ್ಯಾಫಲ್ ಒಡೆದಿದ್ದರೆ ಹೊಸ ಸೈಲೆನ್ಸರ್ ಹಾಕಿಸಬೇಕು. ಅದು ಖರ್ಚಿನ ಬಾಬ್ತು ಎಂಬುದು ನಿಜ. ಆಗಲೇ "ಒಳಗಿನದು ತೆಗೆದು ಕೊಡುತ್ತೇವೆ, ಸದ್ದೂ ಹೋಗುತ್ತದೆ, ಗಾಡಿಗೆ ಗತ್ತೂ ಬರುತ್ತದೆ" ಎಂದು ಹೇಳುವವರು ಸಿಗುತ್ತಾರೆ. ಒಡೆದ ತಗಡಿನ ಸದ್ದು ಹೋಗುತ್ತದೆ, ಅದರ ಬದಲು ಇಡೀ ಬೀದಿಗೆ ಕೇಳುವ ಸದ್ದು ಬರುತ್ತದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದ ಪ್ರಕಾರ ಪ್ರತಿ ಮೋಟಾರು ವಾಹನಕ್ಕೂ ಸೈಲೆನ್ಸರ್ ಇರಲೇಬೇಕು. 175 ಸಿಸಿ ಮೀರಿದ ಬೈಕ್ ತಯಾರಾಗುವ ಹಂತದಲ್ಲಿ 80 ಡೆಸಿಬಲ್ ದಾಟಬಾರದು. 80ರಿಂದ 175 ಸಿಸಿಯವಕ್ಕೆ ಮಿತಿ 77. ಶಬ್ದ, ಹೊಗೆಯ ನಿಯಮ ಮೀರಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2) ಸೆಕ್ಷನ್ ಅಡಿ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಮೇಲಿಂದ 3 ತಿಂಗಳು ಲೈಸೆನ್ಸ್ ಅಮಾನ್ಯ. ಗಲ್ಫ್‌ಗೆ ಹೋಗಲು ಕಾಗದ ಪತ್ರ ತಯಾರು ಮಾಡುತ್ತಿರುವ ಹುಡುಗನಿಗೆ ಒಂದು ಪೊಲೀಸ್ ಕೇಸು ಎಷ್ಟು ಭಾರ ಎಂದು ತಂದೆ ತಾಯಿಗೆ ಗೊತ್ತು.

ಕಾನೂನಿನ ಮಾತು ಬಿಟ್ಟರೂ ನೆರೆಮನೆಯ ಹಕ್ಕು ಎಂಬುದೊಂದು ಇದೆ. ರಾತ್ರಿ ಹನ್ನೊಂದಕ್ಕೆ ಓಣಿಯಲ್ಲಿ ಗಾಡಿ ಗುಡುಗಿದಾಗ ಆಗ ತಾನೇ ನಿದ್ದೆ ಹೋದ ಮಗು ಎದ್ದು ಅಳುತ್ತದೆ, ಹೃದಯದ ಕಾಯಿಲೆಯ ಅಜ್ಜ ಎದ್ದು ಕೂರುತ್ತಾರೆ. ಆ ಮನೆಯವರು ಯಾವ ಜಾತಿ, ಯಾವ ಧರ್ಮದವರೇ ಇರಲಿ, ನಮ್ಮ ಹುಡುಗನ ಬಗ್ಗೆ ಅವರ ಮನಸ್ಸಲ್ಲಿ ಉಳಿಯುವುದು ಆ ಸದ್ದೇ. ರಾಮಸಮುದ್ರದಲ್ಲಿ ನಮ್ಮ ಜೊತೆಗಾರ ಮಾರನೇ ದಿನ ಬೆಳಕು ಹರಿಯುವ ಮೊದಲು ಹೊರಟಾಗ ಮದುವೆ ಮನೆಯ ಜಗಲಿಯಲ್ಲಿ ದಣಿದು ಮಲಗಿದ್ದ ಯಾರೂ ಏಳಲಿಲ್ಲ. ಬೋಲ್ಟ್ ಬಿಗಿ ಮಾಡಿದ್ದರ ಲಾಭ ಅವರಿಗೂ ಸಿಕ್ಕಿತು.

ಮಕ್ಕಳ ಕಾಲಿನ ಕಲೆ

ಮದ್ರಸದಲ್ಲಿ ನಾವು ಪ್ರತಿ ವರ್ಷ ನೋಡುವುದು ಒಂದುಂಟು. ಮಕ್ಕಳ ಕಾಲಿನ ಮೀನಖಂಡದ ಒಳಬದಿಯಲ್ಲಿ ನಾಣ್ಯದಷ್ಟು ದೊಡ್ಡ ಸುಟ್ಟ ಕಲೆ. ಕೇಳಿದರೆ "ಬಾಪನ ಬೈಕಿಂದ ಇಳಿಯುವಾಗ ಉಸ್ತಾದ್" ಎನ್ನುತ್ತಾರೆ. ಸದ್ದು ಮಾಡುತ್ತದೆಂದು ಹೀಟ್ ಶೀಲ್ಡನ್ನೇ ಬಿಚ್ಚಿ ಅಟ್ಟಕ್ಕೆ ಹಾಕಿದ ಮನೆಗಳಲ್ಲಿ ಇದು ಆಗುವುದು ಹೆಚ್ಚು. ಆ ತಗಡು ಅಲಂಕಾರಕ್ಕೆ ಇಟ್ಟದ್ದಲ್ಲ. ಹೆಚ್ಚಿನ ಬೈಕ್‌ಗಳ ಸೈಲೆನ್ಸರ್ ಬಲಬದಿಯಲ್ಲಿ ಇರುವುದರಿಂದ ಮಕ್ಕಳನ್ನು ಎಡಬದಿಯಿಂದಲೇ ಹತ್ತಿಸಿ, ಎಡಬದಿಯಿಂದಲೇ ಇಳಿಸುವ ರೂಢಿ ಮಾಡಿ. ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಐಸ್ ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ. ಗಾಯ ದೊಡ್ಡದಾಗಿದ್ದರೆ ಡಾಕ್ಟರ ಹತ್ತಿರ ಹೋಗಿ.

ದೂರ ಹೊರಡುವ ಮುಂಚಿನ ಸಂಜೆ ಹತ್ತು ನಿಮಿಷ ಗಾಡಿಯ ಹತ್ತಿರ ಕುಳಿತುಕೊಳ್ಳಿ. ಹೆಡ್‌ನ ನಟ್, ಬ್ರಾಕೆಟ್ ಬೋಲ್ಟ್, ಶೀಲ್ಡ್ ಸ್ಕ್ರೂ ಮೂರನ್ನೂ ಮುಟ್ಟಿ ನೋಡಿ. ಚೀಲದಲ್ಲಿ ನಿಮ್ಮ ಗಾಡಿಯ ಅಳತೆಯ ಎರಡು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಎರಡು ಹೋಸ್ ಕ್ಲಿಪ್, ನಾಲ್ಕು ವಾಷರ್, ದಪ್ಪ ಕೈಗವಸು ಇರಲಿ. ಎಲ್ಲಾ ಸೇರಿ ಒಂದು ಟಿಫಿನ್ ಬಾಕ್ಸ್‌ನಲ್ಲಿ ಹಿಡಿಯುತ್ತದೆ. ಮಗ ಮರೆತರೆ ಉಮ್ಮ ನೆನಪಿಸಲಿ, ಬಾಪನೇ ಒಂದು ಸಲ ಜೊತೆಗೆ ಕುಳಿತು ತೋರಿಸಲಿ.